ಅರ್ಥ ಬೇಡವೆಂದ ಕೋ ತೆಕ್

"ಹೊಟ್ಟೆಕಿಚ್ಚಾ? ನನಗಾ? ನಮ್ಮನೇಲಿ ಕಿಚ್ಚು ಇರೋದು ಹಿತ್ತಲ ಗುಂಡೀಲಿ, ಹಂದಿ ಸುಡೋಕೆ. ಹೊಟ್ಟೇಲಿ ಅಲ್ಲ."

ಕೋ ತೆಕ್ ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಯಾರಾದರೂ ಕೇಳಿದರೆ ಹೇಳುತ್ತಿದ್ದ, ಯಾರೂ ಕೇಳದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಆಂಡಮಾನ್ ಸಮುದ್ರದಿಂದ ಬೆಟ್ಟದ ಸಾಲಿನವರೆಗೆ ತ್ರಂಗ್ ಸೀಮೆಯಲ್ಲಿ ಹೊಟ್ಟೆಕಿಚ್ಚಿಲ್ಲದ ಮನುಷ್ಯ ತಾನೊಬ್ಬನೇ ಎಂದೂ, ಬೇರೆ ಯಾರಾದರೂ ಹಾಗೆ ಹೇಳಿಕೊಂಡರೆ ಅವನನ್ನು ಕಂಡರೆ ತನಗಾಗುವುದಿಲ್ಲವೆಂದೂ ಹೇಳುತ್ತಿದ್ದ.

ಅವನ ಹಂದಿಮಾಂಸದ ಗಾಡಿ ನಿಲ್ಲುತ್ತಿದ್ದದ್ದು ನನ್ನ ಕಾಫಿ ಅಂಗಡಿಯ ಬಾಗಿಲಲ್ಲೇ. ಬೆಳಗ್ಗೆ ಕಾಫಿಯ ಜೊತೆ ಸುಟ್ಟ ಹಂದಿ ತಿನ್ನದವನಿಗೆ ನಮ್ಮೂರಲ್ಲಿ ಸೂರ್ಯ ಹುಟ್ಟುವುದಿಲ್ಲ. ಕೋ ತೆಕ್‌ನ ಹಂದಿಯ ಚರ್ಮ ಎಷ್ಟು ಗರಿಗರಿಯೆಂದರೆ, ಮೂಲೆ ಮೇಜಿನಲ್ಲಿ ಒಬ್ಬ ಕಚ್ಚಿದರೆ ಸ್ಟೇಷನ್ನಿನಲ್ಲಿ ರೈಲು ಬಂತೆಂದು ಕೂಲಿಗಳು ಎದ್ದು ನಿಲ್ಲುತ್ತಿದ್ದರು. ಆದರೆ ಅವನ ಹೆಸರು ಹಬ್ಬಿದ್ದು ಚರ್ಮದಿಂದಲ್ಲ, ಕತ್ತಿಯಿಂದ. ಅವನು ಮಾಂಸ ಕಡಿಯುತ್ತಿದ್ದದ್ದು ಇಂಗ್ಲಿಷ್ ಪದದ ಲೆಕ್ಕದಲ್ಲಿ. ಒಂದು ಅಕ್ಷರಕ್ಕೆ ಒಂದು ಏಟು. "ಝಡ್! ಇ! ಬಿ! ಆರ್! ಎ!" ಎಂದರೆ ಐದು ಚೂರು. ಮನೆಗೆ ನೆಂಟರು ಬಂದ ಹೆಂಗಸರು "ಕೋ, ಇವತ್ತು ಉದ್ದದ ಪದ ಹೇಳಿ, ಜನ ಜಾಸ್ತಿ" ಎಂದು ತೆಳ್ಳಗೆ ಕಡಿಸಿಕೊಂಡು ಹೋಗುತ್ತಿದ್ದರು. ಹೊಟ್ಟೆಬಾಕರು "ಎರಡಕ್ಷರದ್ದು ಸಾಕು" ಎನ್ನುತ್ತಿದ್ದರು.

ಈ ಪದಗಳೆಲ್ಲ ಅವನಿಗೆ ಬಂದದ್ದು ಆಟದಿಂದ. ಚೌಕದ ಹಲಗೆಯ ಮೇಲೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ. ನಾವೆಲ್ಲ ಅದನ್ನು ಕ್ರಾಸ್‌ವರ್ಡ್ ಎನ್ನುತ್ತೇವೆ. ಮಕ್ಕಳಿಗೆ ಇಂಗ್ಲಿಷ್ ಬರಲೆಂದು ಶಾಲೆಯಲ್ಲಿ ಮೇಷ್ಟರೊಬ್ಬರು ಕಲಿಸಿದ್ದರು. ಆಟ ಬಂತು, ಇಂಗ್ಲಿಷ್ ಬರಲಿಲ್ಲ. ಕೋ ತೆಕ್ ಪದಗಳ ಪಟ್ಟಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಪಾಠ ಮಾಡಿದ. ಅವನನ್ನು ಕಚ್ಚಿದ ಸೊಳ್ಳೆ ಕೂಡ ಎರಡಕ್ಷರದ ಪದಗಳನ್ನಷ್ಟೂ ಕಲಿತು ಹಾರಿಹೋಗುತ್ತಿತ್ತು. ಆದರೆ ಅರ್ಥ? ಒಂದರದ್ದೂ ಗೊತ್ತಿಲ್ಲ. ಒಮ್ಮೆ ಬೆನ್ನಿಗೆ ಚೀಲ ಹೊತ್ತ ಬಿಳಿಯನೊಬ್ಬ ಬಂದು ದಾರಿ ಕೇಳುತ್ತ "ಸ್ಟೇಷನ್? ಸ್ಟೇಷನ್?" ಎಂದ. ಕೋ ತೆಕ್ ಕತ್ತಿ ಕೆಳಗಿಟ್ಟು, ಅವನ ಕೈ ಕುಲುಕಿ, "ಭಲೇ! ಏಳಕ್ಷರ. ಏಳು ಬಿಲ್ಲೆನೂ ಒಂದೇ ಸಲಕ್ಕೆ ಇಟ್ರೆ ಮೇಲೆ ಐವತ್ತು ಅಂಕ" ಎಂದು ನಮ್ಮ ಭಾಷೆಯಲ್ಲಿ ಅಭಿನಂದಿಸಿ ಕಳಿಸಿದ. ಆ ಬಿಳಿಯನ ರೈಲು ತಪ್ಪಿತು. ಅವನು ಈಗಲೂ ನಮ್ಮೂರಲ್ಲೇ ಇದ್ದಾನೆ ಎನ್ನುವವರಿದ್ದಾರೆ.

"ಅರ್ಥ ಅನ್ನೋದು ಕೊಬ್ಬು ಇದ್ದ ಹಾಗೆ. ಸ್ಪೆಲ್ಲಿಂಗ್ ಮಾಂಸ. ತಲೇಲಿ ಕೊಬ್ಬು ತುಂಬ್ಕೊಂಡ್ರೆ ಮಾಂಸಕ್ಕೆ ಜಾಗ ಎಲ್ಲಿರತ್ತೆ?" ಎಂಬುದು ಅವನ ಸಿದ್ಧಾಂತ.

ನನ್ನ ಅಂಗಡಿಯಲ್ಲಿ ಅಮೃತಶಿಲೆಯ ಮೇಜು ಒಂದೇ. ತಿರುಗುವ ಫ್ಯಾನೂ ಒಂದೇ, ಅದು ಆ ಮೇಜಿನ ಮೇಲೆ. ವರ್ಷಕ್ಕೊಮ್ಮೆ ಒಂಬತ್ತು ದೇವರ ಹಬ್ಬದಲ್ಲಿ ಊರೆಲ್ಲ ಮಾಂಸ ಬಿಟ್ಟು, ಅರ್ಧ ಊರು ಬಿಳಿ ಬಟ್ಟೆ ಉಟ್ಟು ವ್ರತ ಹಿಡಿಯುತ್ತದೆ. ಹಂದಿ ಮಾರುವವನಿಗೆ ಆಗ ಕೈಗೆ ಕೆಲಸವಿಲ್ಲ. ಅದಕ್ಕೇ ಆಟದ ಪಂದ್ಯ ಆ ದಿನಗಳಲ್ಲೇ ನಡೆಯುವ ರೂಢಿ. ಗೆದ್ದವರು ಮುಂದಿನ ಹಬ್ಬದವರೆಗೆ ಅಮೃತಶಿಲೆಯ ಮೇಜಿನ ಒಡೆಯರು. ಬೆಳಗಿನ ಕಾಫಿ ಅಲ್ಲೇ, ಗಾಳಿ ಅಲ್ಲೇ, ಮರ್ಯಾದೆಯೂ ಅಲ್ಲೇ. ಕೋ ತೆಕ್ ಎಷ್ಟು ವರ್ಷದಿಂದ ಅಲ್ಲಿ ಕೂತಿದ್ದನೆಂದರೆ ಕಲ್ಲಿನಲ್ಲಿ ಅವನ ಮೊಣಕೈಯ ಗುಳಿ ಬಿದ್ದಿತ್ತು. ಮಳೆಗಾಲದಲ್ಲಿ ಸೂರು ಸೋರಿದಾಗ ಗುಬ್ಬಿಗಳು ಅದರಲ್ಲಿ ಮೀಯುತ್ತಿದ್ದವು.

ಆ ಮೇಜಿನಲ್ಲಿ ಕೂತವನಿಗೆ ಇನ್ನೊಂದು ಉದ್ಯೋಗವೂ ಇತ್ತು. ಊರಿನಲ್ಲಿ ಎಲ್ಲಿ ಇಂಗ್ಲಿಷ್ ಅಕ್ಷರ ಕಂಡರೂ ಜನ ಅವನ ಬಳಿಗೇ ತರುತ್ತಿದ್ದರು. ಎದುರಿನ ಪಂಕ್ಚರ್ ಅಂಗಡಿಯ ಬಂಗ್ ದೊಲೊ ಬೋರ್ಡು ಬರೆಸುವಾಗ ರಸ್ತೆಯಾಚೆಯಿಂದಲೇ ಕೂಗಿದ್ದ: "ಕೋ, ಟೈರ್ ಅನ್ನೋಕೆ ಐ ಹಾಕಿಸ್ಲೋ ವೈ ಹಾಕಿಸ್ಲೋ?"

"ಎರಡೂ ನಡಿಯತ್ತೆ ಬಂಗ್. ಆದ್ರೆ ವೈಗೆ ನಾಲ್ಕು ಅಂಕ, ಐಗೆ ಒಂದೇ. ನಷ್ಟ ಯಾಕೆ ಮಾಡ್ಕೊತೀಯಾ?"

ಬಂಗ್ ದೊಲೊ ವೈ ಹಾಕಿಸಿದ. ಬಂಗ್ ಎಂದರೆ ಮುಸಲ್ಮಾನರಲ್ಲಿ ಅಣ್ಣ. ನಮ್ಮ ಚೀನೀ ಮೂಲದವರಲ್ಲಿ ಅಣ್ಣನಿಗೆ ಕೋ, ಅಕ್ಕನಿಗೆ ಚೆ. ದೊಡ್ಡಪ್ಪನ ವಯಸ್ಸಿನವರು ಯಾರಾದರೂ ಲುಂಗ್. ಬಂಗ್ ದೊಲೊ ಹಂದಿ ಕಡಿಯುವ ಜಾಗಕ್ಕೆ ಬರುವವನಲ್ಲ. ಒಂಬತ್ತು ದೇವರ ಹಬ್ಬಕ್ಕೆ ನಾನು ಪಾತ್ರೆ, ನೆಲ, ಗೋಡೆ ಎಲ್ಲ ತೊಳೆದು, ಮಾಂಸವಿಲ್ಲವೆಂಬ ಗುರುತಿಗೆ ಹಳದಿ ಬಾವುಟ ಕಟ್ಟಿದ ಮೇಲೆ, ಆ ದಿನಗಳಲ್ಲಿ ಮಾತ್ರ ಒಳಗೆ ಬಂದು ಕಾಫಿ ಕುಡಿದು ಒಂದೆರಡು ಆಟ ಆಡಿ ಸೋತು ನಗುತ್ತ ಹೋಗುತ್ತಿದ್ದ.

ಹೀಗೆ ಲೋಕ ಸುಖವಾಗಿತ್ತು. ಆಗ ಪೆನಾಂಗಿನಿಂದ ಚೆ ಇಮ್ ಬಂದಳು.

ಅವಳು ನಮ್ಮೂರಿನವಳೇ. ಹುಡುಗಿಯಾಗಿದ್ದಾಗ ಗಡಿ ದಾಟಿ ಚಿಕ್ಕಮ್ಮನ ವಸತಿಗೃಹ ನೋಡಿಕೊಳ್ಳಲು ಹೋದವಳು, ತಲೆ ನರೆತ ಮೇಲೆ ತಾಯಿಯ ಅಂಗಡಿ ನಡೆಸಲು ಹಿಂತಿರುಗಿದಳು. ಎಣ್ಣೆಯಲ್ಲಿ ಕರಿದ ಉದ್ದದ ಹಿಟ್ಟಿನ ಕೋಲುಗಳ ಅಂಗಡಿ, ಕೋ ತೆಕ್‌ನ ಗಾಡಿಯ ಪಕ್ಕಕ್ಕೇ. ಅಲ್ಲಿ ಎಲ್ಲ ದೇಶದವರ ಹಾಸಿಗೆ ಮಡಚಿ ಮಡಚಿ ಅವಳಿಗೆ ಇಂಗ್ಲಿಷ್ ಬಂದಿತ್ತು. ಸ್ಪೆಲ್ಲಿಂಗೂ ಬರುತ್ತಿತ್ತು, ಅರ್ಥವೂ ಬರುತ್ತಿತ್ತು. ಆದರೆ ಬಂದ ಹೊಸದರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ರೈಲ್ವೆ ಗೇಟಿನ ಮುದುಕ ಲುಂಗ್ ಚಿತ್‌ನ ಮಂಡಿನೋವಿನಿಂದ. ಅವನ ಮಗಳು ಎಲ್ಲಿಂದಲೋ ಔಷಧಿ ಕಳಿಸಿದ್ದಳು. ಅವನು ಸೀಸೆ ಹಿಡಿದು ಅಮೃತಶಿಲೆಯ ಮೇಜಿಗೆ ಬಂದ.

"ಕೋ ತೆಕ್, ಇದರ ಮೇಲೆ ದೊಡ್ಡದಾಗಿ ಏನೋ ಬರೆದವ್ರೆ. ನೋಡು."

ಕೋ ತೆಕ್ ಕನ್ನಡಕ ಏರಿಸಿ ನೋಡಿದ. "ಎಕ್ಸ್‌ಟರ್ನಲ್. ಎಂಟಕ್ಷರ. ಸರಿಯಾದ ಪದ. ಎಕ್ಸ್ ಒಂದಕ್ಕೇ ಎಂಟು ಅಂಕ ಲುಂಗ್! ಎಕ್ಸ್ ಇರೋದು ಅಂದ್ರೆ ಒಳ್ಳೇ ಔಷಧಿನೇ. ಕುಡಿ."

ಲುಂಗ್ ಚಿತ್ ಒಂದು ಗುಟುಕು ಕುಡಿದ. ಆಮೇಲೆ ಅವನ ಕಿವಿಯಿಂದ ಕರ್ಪೂರದ ಹೊಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಬಿಕ್ಕಳಿಕೆ ಶುರುವಾಯಿತು. ಒಂದೊಂದು ಬಿಕ್ಕಿಗೂ ಅಂಗಡಿಯಲ್ಲಿದ್ದವರ ನೆಗಡಿ ಬಿಡುತ್ತಿತ್ತು. ಚೆ ಇಮ್ ಹಿಟ್ಟಿನ ಕೈಯಲ್ಲೇ ಓಡಿಬಂದು ಸೀಸೆ ಕಿತ್ತುಕೊಂಡು ಓದಿದಳು.

"ಅಯ್ಯೋ ಪುಣ್ಯಾತ್ಮರಾ! ಮೈಗೆ ಹಚ್ಕೊಳೋದು ಕಣ್ರೀ ಇದು! ಒಳಗೆ ತಗೋಬಾರ್ದು ಅಂತ್ಲೇ ಬರೆದಿದೆ. ಕುಡಿ ಅಂತ ಯಾರು ಹೇಳಿದ್ದು?"

ಎಲ್ಲರೂ ಕೋ ತೆಕ್‌ನ ಕಡೆ ನೋಡಿದರು. ಕೋ ತೆಕ್ ಫ್ಯಾನಿನ ಕಡೆ ನೋಡಿದ.

"ಪದ ಸರಿಯಾಗಿದೆ ಅಂದೆ ಅಷ್ಟೇ. ಅರ್ಥ ನಾನು ಇಟ್ಕೊಳಲ್ಲ. ಅದು ಕೊಬ್ಬು."

"ಕೊಬ್ಬಿಲ್ಲದ ಹಂದಿನ ನಿಮ್ಮ ಹತ್ರ ಯಾರು ಕೊಳ್ತಾರೆ ಕೋ?" ಎಂದು ಚೆ ಇಮ್ ಲುಂಗ್ ಚಿತ್‌ನ ಬಾಯಿಗೆ ಅನ್ನದ ಉಂಡೆ ತುರುಕಿದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ನಕ್ಕ ರಭಸಕ್ಕೆ ಮೂರು ಲೋಟ ಒಡೆದವು. ಬಿಕ್ಕಳಿಕೆಯ ನಡುವೆ ಲುಂಗ್ ಚಿತ್ ಕೂಡ ನಕ್ಕ.

ಅಂದಿನಿಂದ ಸೀಸೆಗಳೂ ಡಬ್ಬಿಗಳೂ ಬಟ್ಟೆಗಳೂ ಚೆ ಇಮ್ ಅಂಗಡಿಗೆ ತಿರುಗಿದವು. ಕ್ಷೌರದಂಗಡಿಯವನು ಬಂದು ಕೂದಲ ಬಣ್ಣಕ್ಕೆ ಎರಡು ಡಬ್ಬಿ ಹಿಡಿದು ಕೇಳಿದ: "ಚೆ, ಒಂದರಲ್ಲಿ ಬಣ್ಣ ಅನ್ನೋದಕ್ಕೆ ಯು ಇದೆ, ಒಂದರಲ್ಲಿ ಇಲ್ಲ. ಯಾವುದು ಕಳ್ಳಮಾಲು?"

"ಎರಡೂ ಒಂದೇ ಕಣಪ್ಪ. ಯು ಇರೋದು ಇಂಗ್ಲೆಂಡಿನವರ ರೂಢಿ, ಪೆನಾಂಗಲ್ಲೂ ಹಾಗೇ. ಯು ಇಲ್ಲದ್ದು ಅಮೆರಿಕದವರದು. ಬೆಳ್ಳಗಾದ ತಲೆಗೆ ಯಾವ ದೇಶ ಆದ್ರೇನು, ಹಚ್ಚು."

ಕೋ ತೆಕ್ ಆಚೆಯಿಂದ ಕೂಗಿದ: "ಯು ಇದ್ರೆ ಒಂದಂಕ ಜಾಸ್ತಿ!"

ಯಾರೂ ತಿರುಗಿ ನೋಡಲಿಲ್ಲ. ಆ ದಿನ ಅವನ ಹತ್ತಿರ ಎರಡಕ್ಷರದ ಮಾಂಸ ಕೇಳಿದವರಿಗೂ ಕೊಚ್ಚಿದ ಮಾಂಸವೇ ಸಿಕ್ಕಿತು. ಕತ್ತಿ ಹಾಗೆ ಆಡುತ್ತಿತ್ತು.

"ಏನು ಕೋ, ಹೊಟ್ಟೆಕಿಚ್ಚಾ?" ಎಂದೆ.

"ನನಗಾ? ಕತ್ತಿ ಮಸೆದಿದೀನಿ ಇವತ್ತು. ಅದಕ್ಕೇ."

ಅವನಿಗೆ ತೀರಾ ಚುಚ್ಚಿದ್ದು ಅಂಗಿಯ ವಿಷಯ. ಗಡಿಯ ಸಂತೆಯಲ್ಲಿ ರಾಶಿಯಿಂದ ಹೆಕ್ಕಿದ ಹಳೇ ಅಂಗಿಯೊಂದು ಅವನಲ್ಲಿತ್ತು. ಪ್ರತಿ ಪಂದ್ಯಕ್ಕೂ ಅದನ್ನೇ ತೊಡುತ್ತಿದ್ದ. ಎದೆಯ ಮೇಲೆ ದಪ್ಪಕ್ಷರದಲ್ಲಿ ‘ಎಕ್ಸ್‌ಪೆಕ್ಟಿಂಗ್’ ಎಂದಿತ್ತು. ಎಕ್ಸ್ ಇದೆಯೆಂಬುದೇ ಅದನ್ನು ಆರಿಸಿದ ಕಾರಣ. ಹೊಟ್ಟೆಯ ಜಾಗದಲ್ಲಿ ಯಾಕೋ ಬಹಳ ಸಡಿಲವಾಗಿತ್ತು, ಅದೂ ಅವನಿಗೆ ಅನುಕೂಲವೇ ಆಗಿತ್ತು. ಅವನ ಹೆಂಡತಿ ಲೀ ಅದನ್ನು ಒಣಹಾಕುವಾಗ ಚೆ ಇಮ್ ಕಂಡು ಹಗ್ಗ ಹಿಡಿದುಕೊಂಡು ನಗತೊಡಗಿದಳು.

"ಲೀ, ಇದು ನಿಂದಾ? ಈ ವಯಸ್ಸಲ್ಲಾ?"

"ನಮ್ಮನೆಯವರದ್ದು ಚೆ. ಅದೃಷ್ಟದ ಅಂಗಿ. ಯಾಕೆ?"

"ಬಸುರೀರು ಹಾಕ್ಕೊಳೋದು ಕಣೇ! ‘ಹೆರಿಗೆಗೆ ಕಾಯ್ತಿದೀನಿ’ ಅಂತ ಬರೆದಿರೋದು!"

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಕೋ ತೆಕ್‌ಗೆ ಎಷ್ಟನೇ ತಿಂಗಳೆಂದು ವಿಚಾರಿಸುತ್ತಿತ್ತು. ಬಂಗ್ ದೊಲೊ ರಸ್ತೆಯಾಚೆಯಿಂದ ಎಳನೀರು ಕಳಿಸಿದ.

ಮರುದಿನ ನಾನು ರಾಜಿ ಮಾಡಿಸಲೆಂದು ಇಬ್ಬರನ್ನೂ ಒಂದು ಆಟಕ್ಕೆ ಕೂರಿಸಿದೆ. ಮೇಜಿನ ಒಡೆತನ ಪಣದಲ್ಲಿರಲಿಲ್ಲ, ಸುಮ್ಮನೆ ಸ್ನೇಹದ ಆಟ. ನಡುವಿನಲ್ಲಿ ಕೋ ತೆಕ್ ತನ್ನ ಏಳೂ ಬಿಲ್ಲೆಗಳನ್ನು ಒಂದೇ ಸಲಕ್ಕೆ ಸಾಲಾಗಿ ಇಟ್ಟ: ಜೆಲಸ್. ಜೆ ಒಂದಕ್ಕೇ ಎಂಟು ಅಂಕ. ಎದೆ ಉಬ್ಬಿಸಿಕೊಂಡು ಎಲ್ಲರ ಕಡೆ ನೋಡಿದ.

ಚೆ ಇಮ್ ಹಲಗೆಯ ಮೇಲಿನ ಪದವನ್ನೊಮ್ಮೆ, ಅದನ್ನಿಟ್ಟವನ ಮುಖವನ್ನೊಮ್ಮೆ ನೋಡಿ ನಕ್ಕಳು. "ಸರಿಯಾದ ಪದ ಇಟ್ರಿ ಕೋ. ನಿಮಗಲ್ದೆ ಇನ್ಯಾರಿಗೆ ಬಂದೀತು?"

ಏನೆಂದು ಕೇಳಿದ್ದರೆ ಹೇಳುತ್ತಿದ್ದಳು. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿದಂತಾಗುತ್ತದೆ. ಅವನು ಅಂಗಿಯನ್ನೇ ನೆನೆದು ನಗುತ್ತಿದ್ದಾಳೆಂದುಕೊಂಡು ಕಿವಿ ಕೆಂಪಗೆ ಮಾಡಿಕೊಂಡ. ಕೆಂಡದಂತಾದ ಆ ಕಿವಿಯಲ್ಲಿ ನಾನು ಬೀಡಿ ಹೊತ್ತಿಸಿಕೊಳ್ಳಬಹುದಿತ್ತು. ಆ ಆಟವನ್ನು ಚೆ ಇಮ್ ಗೆದ್ದಳು. ಎದ್ದು ಹೋಗುವಾಗ ಅಮೃತಶಿಲೆಯ ಮೇಲೆ ಅಂಗೈ ಆಡಿಸಿ, "ತಣ್ಣಗಿದೆ. ಇಡೀ ದಿನ ಎಣ್ಣೆ ಬಾಣಲೆ ಮುಂದೆ ನಿಲ್ಲೋರಿಗೆ ಇಂಥ ಜಾಗ ಸಿಕ್ರೆ!" ಎಂದಳು.

ಆ ಮಾತಿನಿಂದ ಕೋ ತೆಕ್‌ನ ಊಟ ಬಿಟ್ಟುಹೋಯಿತು.

ಮುಂದೆ ಊರಿಗೆಲ್ಲ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಹಬ್ಬಕ್ಕೆ ಇನ್ನು ಸ್ವಲ್ಪ ದಿನವಿದೆ ಎನ್ನುವಾಗ, ನಾಯಿ ಕೂಡ ನೆರಳು ಬಿಟ್ಟು ಏಳದ ಒಂದು ಮಧ್ಯಾಹ್ನ, ಕೋ ತೆಕ್ ರೈಲು ಹಳಿಯ ಪಕ್ಕದ ಮುತ್ತಜ್ಜನ ಗುಡಿಗೆ ಹೋದ. ಅಲ್ಲಿನ ಆಲದ ಮರದಲ್ಲಿ ನೆಲೆಸಿರುವ ದೈವ ಮುತ್ತಜ್ಜ ಊರು ಹುಟ್ಟುವ ಮುಂಚಿನವನು. ಕೇಳಿದ್ದನ್ನು ಕೊಡುತ್ತಾನೆ, ಆದರೆ ಕೇಳಿದ್ದನ್ನು ಮಾತ್ರ ಕೊಡುತ್ತಾನೆ. ಮಗ ಬೇಕೆಂದು ಕೇಳಿದವನಿಗೆ ಮಗ ಹುಟ್ಟಿದ. ಬುದ್ಧಿ ಇರುವ ಮಗ ಎಂದು ಕೇಳಿರಲಿಲ್ಲ.

ಕೋ ತೆಕ್‌ಗೆ ಅಲ್ಲೊಂದು ಇಕ್ಕಟ್ಟು ಬಂತು. ‘ನನ್ನನ್ನು ಗೆಲ್ಲಿಸು’ ಎಂದು ಬೇಡಲು ಅವನಿಂದಾಗಲಿಲ್ಲ. ಗೆಲ್ಲಲು ನನಗೆ ದೇವರ ಹಂಗೂ ಬೇಕಿಲ್ಲ, ದೆವ್ವದ ಹಂಗೂ ಬೇಕಿಲ್ಲ ಎಂದು ಊರೆಲ್ಲ ಜಂಬ ಕೊಚ್ಚಿದ್ದ; ಮುತ್ತಜ್ಜನೂ ಕೇಳಿಸಿಕೊಂಡಿರಬಹುದು. ಆದ್ದರಿಂದ ಊದುಬತ್ತಿ ಹಚ್ಚಿ, ಕೈ ಮುಗಿದು, "ಮುತ್ತಜ್ಜಾ, ನನ್ನ ಪಾಡು ನಾನು ನೋಡ್ಕೊತೀನಿ. ಆ ಚೆ ಇಮ್ ಸೋಲ್ಲಿ, ಅಷ್ಟು ಸಾಕು. ನಡೆಸಿಕೊಟ್ರೆ ಉದ್ದದ ಪಟಾಕಿ ಸರ ಹೊಡೀತೀನಿ, ನೋರಾ ಕುಣಿತದ ಮೇಳ ಕರೆಸಿ ಬೇಟೆಗಾರನ ಮುಖವಾಡ ಹಾಕ್ಕೊಂಡು ನಾನೇ ಕುಣೀತೀನಿ" ಎಂದು ಹರಕೆ ಹೊತ್ತು ಬಂದ.

ಹಬ್ಬ ಬಂತು. ನಾನು ಅಂಗಡಿ ತೊಳೆದೆ, ಹಳದಿ ಬಾವುಟ ಕಟ್ಟಿದೆ. ಚೆ ಇಮ್ ತಲೆಯಿಂದ ಕಾಲಿನವರೆಗೆ ಬಿಳಿ ಉಟ್ಟು ಒಂಬತ್ತು ದಿನದ ಕಟ್ಟುನಿಟ್ಟಿನ ವ್ರತ ಹಿಡಿದಳು: ಮಾಂಸ ತಿನ್ನುವಂತಿಲ್ಲ, ಮುಟ್ಟುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಕೋ ತೆಕ್ ಬಿಳಿ ಪ್ಯಾಂಟಿನ ಮೇಲೆ ಬಸುರಿಯ ಅಂಗಿಯನ್ನೇ ತೊಟ್ಟು ಬಂದ. "ನಗೋರು ನಗ್ಲಿ. ಇದು ಗೆಲ್ಲೋ ಅಂಗಿ" ಎಂದ. ತನ್ನ ಪಾಲಿನ ಆಟಗಳನ್ನೆಲ್ಲ ಗೆದ್ದು ಕೊನೆಯ ಆಟಕ್ಕೆ ಬಂದು ಕೂತ. ಇನ್ನೊಂದು ಕಡೆಯಿಂದ ಬರಬೇಕಾದವರು ಇಬ್ಬರಲ್ಲಿ ಒಬ್ಬರು: ಚೆ ಇಮ್ ಅಥವಾ ಬಂಗ್ ದೊಲೊ. ಬಂಗ್ ದೊಲೊ ಅಷ್ಟು ದೂರ ಬಂದದ್ದೇ ಒಂದು ಪವಾಡ. ಅವನ ಎದುರು ಕೂತವರಿಗೆಲ್ಲ ಬರೀ ಸ್ವರಗಳೇ ಬಂದಿದ್ದವು.

ಅವರಿಬ್ಬರ ಆಟದಲ್ಲಿ ಚೆ ಇಮ್ ಮುಂದಿದ್ದಳು. ಇನ್ನೊಂದು ಒಳ್ಳೆಯ ಪದವಿಟ್ಟರೆ ಆಟ ಮುಗಿಯುತ್ತಿತ್ತು. ಅವಳು ತನ್ನ ಬಿಲ್ಲೆಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮುಗುಳ್ನಕ್ಕು, ಕೈ ಮುಂದೆ ತಂದು, ಹಿಂದೆ ತೆಗೆದುಕೊಂಡು, ಎರಡೇ ಎರಡು ಬಿಲ್ಲೆಗಳ ಸಣ್ಣ ಪದ ಇಟ್ಟಳು. ಮರುಕ್ಷಣ ಬಂಗ್ ದೊಲೊ ತಲಾ ಹತ್ತಂಕದ ಕ್ಯೂ, ಝಡ್ ಎರಡನ್ನೂ ಒಂದೇ ಸಲಕ್ಕೆ ಇಳಿಸಿ ಗೆದ್ದುಬಿಟ್ಟ. ತಾನು ಗೆದ್ದದ್ದು ಅವನಿಗೆ ಗೊತ್ತಾಗಲಿಲ್ಲ, ನಾನು ಹೇಳಬೇಕಾಯಿತು.

ಕೋ ತೆಕ್ ಆ ಹೊತ್ತು ಚೆ ಇಮ್‌ಳ ಬೆನ್ನ ಹಿಂದೆಯೇ ನಿಂತಿದ್ದ. ಅವನ ಮುಖ ಹೇಗೆ ಅರಳಿತೆಂದರೆ ಎರಡು ಜೇನುನೊಣ ಬಂದು ಕೂತವು. ಮುತ್ತಜ್ಜ ನಡೆಸಿಕೊಟ್ಟಿದ್ದ! ಆ ಖುಷಿಯಲ್ಲಿ ಅವನ ಬಾಯಿಪಾಠವೆಲ್ಲ ಒಂದರ ಮೇಲೊಂದು ಬೀಳುತ್ತಿತ್ತು. ಕೊನೆಯ ಆಟದಲ್ಲಿ ಎದುರಿಗೆ ಬಂಗ್ ದೊಲೊ ಕೂತಿದ್ದರೂ ಅವನ ಕಣ್ಣು ಚೆ ಇಮ್‌ಳ ಮೇಲೆಯೇ. ಅವಳು ಅಳುತ್ತಿದ್ದಾಳೆಯೇ? ಮುಖ ಸಪ್ಪಗಿದೆಯೇ? ಅವಳೋ ನಗುತ್ತ ಎಲ್ಲರಿಗೂ ಚಹಾ ಹಂಚುತ್ತಿದ್ದಳು. ‘ಸೋತೂ ನಗ್ತಾಳಲ್ಲ!’ ಎಂದು ಅವನಿಗೆ ಹೊಸದಾಗಿ ಉರಿ ಹತ್ತಿತು. ಹಾಗೆ ಅವಳನ್ನು ನೋಡುತ್ತ ನೋಡುತ್ತ ಸೋತುಹೋದ.

ಹೌದು, ಪಂಕ್ಚರ್ ಅಂಗಡಿಯ ಬಂಗ್ ದೊಲೊನ ಮುಂದೆ.

ಆಗ ಆದದ್ದನ್ನು ಊರು ಎಂದೂ ಕಂಡಿರಲಿಲ್ಲ. ಹಬ್ಬ ಮುಗಿಯಿತು, ಹಳದಿ ಬಾವುಟ ಇಳಿಯಿತು, ಹಂದಿ ಮತ್ತೆ ಗಾಡಿ ಏರಿತು. ಇನ್ನು ಬಂಗ್ ದೊಲೊ ಒಳಗೆ ಬರುವಂತಿಲ್ಲ. ಅಮೃತಶಿಲೆಯ ಮೇಜಿಗೆ ಒಡೆಯನಿದ್ದಾನೆ, ಕೂರುವವನಿಲ್ಲ! ನಾನು ಹೋಗಿ ಕೇಳಿದೆ.

"ನನಗೆ ಬರೋಕಾಗಲ್ಲ, ಆದ್ರೆ ಗೆದ್ದಿದ್ದು ಗೆದ್ದಿದ್ದೇ" ಎಂದು ಅವನು ತನ್ನ ಎಣ್ಣೆ ಮೆತ್ತಿದ ಹಳೇ ಟೋಪಿ ತೆಗೆದು ಕೊಟ್ಟ. "ಇದನ್ನ ಕೂರಿಸು. ಫ್ಯಾನ್ ಹಾಕೋದು ಮರೀಬೇಡ, ತುಂಬಾ ಬೆವರಿದೆ ಪಾಪ."

ಹಾಗೆ ಫ್ಯಾನಿನ ಕೆಳಗೆ, ಅಮೃತಶಿಲೆಯ ಮುಂದೆ, ಕುರ್ಚಿಯ ಮೇಲೆ ಒಂದು ಟೋಪಿ ಕೂತಿತು. ಕೋ ತೆಕ್ ಹೊರಗೆ ಬಿಸಿಲಲ್ಲಿ ಹಂದಿ ಕಡಿಯುತ್ತ ಟೋಪಿಯನ್ನೇ ನೋಡುತ್ತಿದ್ದ. ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ನೋಡಿದ್ದೇನೆ, ಗಂಡಸಿನ ಮೇಲೆ ಪಟ್ಟವರನ್ನೂ ನೋಡಿದ್ದೇನೆ. ಟೋಪಿಯ ಮೇಲೆ ಪಟ್ಟವನು ಅವನೊಬ್ಬನೇ.

"ಅದಕ್ಕೆ ಎಷ್ಟು ಗಾಳಿ ಬೇಕೋ! ಫ್ಯಾನ್ ಸ್ವಲ್ಪ ಕಮ್ಮಿ ಮಾಡು" ಎನ್ನುತ್ತಿದ್ದ ನನಗೆ.

ಇಷ್ಟಾದರೂ ಹರಕೆ ಬಾಕಿ ಇತ್ತು. ಕೇಳಿದ್ದು ಸಿಕ್ಕಿದ ಮೇಲೆ ತೀರಿಸಲೇಬೇಕು. ತೀರಿಸುವಾಗ ಏನು ಬೇಡಿದ್ದೆ, ಏನು ಸಿಕ್ಕಿತು ಎಂದು ಗುಡಿಯ ಮುಂದೆ ಬಾಯಿಬಿಟ್ಟು ಹೇಳಲೇಬೇಕು. ಇಲ್ಲದಿದ್ದರೆ ಯಾವ ಸಾಲ ತೀರಿತೆಂದು ಮುತ್ತಜ್ಜನಿಗೆ ಗೊತ್ತಾಗುವುದು ಹೇಗೆ? ಬೇಡುವಾಗ ಇದೆಲ್ಲ ಕೋ ತೆಕ್‌ನ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಇವತ್ತು, ನಾಳೆ ಎಂದು ಮುಂದೂಡಿದ. ಹಿತ್ತಲ ಗುಂಡಿಯ ಅಂಚು ಕುಸಿಯಿತು. ಗರಿಗರಿಯಾಗಬೇಕಾದ ಚರ್ಮ ಚಪ್ಪಲಿಯಾಯಿತು. ಆಟಕ್ಕೆ ಕೂತರೆ ಚೀಲದಿಂದ ಬರೀ ಐ, ಐ, ಐ ಬಂದವು. ಅಷ್ಟು ಐ ನಮ್ಮ ಬಿಲ್ಲೆಗಳಲ್ಲಿ ಇದ್ದೇ ಇರಲಿಲ್ಲ. ಕೊನೆಗೆ ಅವನ ಕತ್ತಿಯ ಹಿಡಿ ಮುರಿದಾಗ ಲೀ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಏನೋ ಹರಕೆ ಬಾಕಿ ಇಟ್ಕೊಂಡಿದೀರ ನೀವು. ನಿಜ ಹೇಳಿ."

"ಸಣ್ಣದೊಂದು ಇದೆ."

"ಏನು ಬೇಡ್ಕೊಂಡಿದ್ರಿ?"

"ಲೋಕ ಕಲ್ಯಾಣ."

"ಹಾಗಾದ್ರೆ ಲೋಕದ ಮುಂದೇನೇ ತೀರಿಸಿ. ನಾಳೆ ಮೇಳದವರಿಗೆ ಹೇಳಿ ಬರ್ತೀನಿ."

ತೆಂಗಿನ ಮರದಿಂದ ಮರಕ್ಕೆ ಕಟ್ಟಿದ ಪಟಾಕಿ ಸರ ಸಿಡಿಯತೊಡಗಿದಾಗ ಊರು ಓಡಿಬಂತು. ಅಷ್ಟುದ್ದದ ಸರ ಹೊಡೆಯುವವನು ಲಾಟರಿ ಗೆದ್ದಿರಲೇಬೇಕು, ಮುತ್ತಜ್ಜ ಕೊಟ್ಟ ನಂಬರ್ ಯಾವುದೆಂದು ಕೇಳಬೇಕು ಎಂದು ಮುದುಕಿಯರು ಚೀಟಿ ಹಿಡಿದೇ ಬಂದಿದ್ದರು. ಲುಂಗ್ ಚಿತ್ ಗೇಟು ಹಾಕದೆಯೇ ಬಂದಿದ್ದ. ರೈಲು ಕಾಯುತ್ತಿತ್ತೆಂದು ಕಾಣುತ್ತದೆ. ಬಂಗ್ ದೊಲೊ ರಸ್ತೆಯಂಚಿನಲ್ಲಿ ಹೊಸ ಟೋಪಿ ಹಾಕಿ ನಿಂತಿದ್ದ. ಚೆ ಇಮ್ ಹಿಟ್ಟಿನ ಕೋಲುಗಳ ಬುಟ್ಟಿ ಹೊತ್ತು ಮುಂದಿನ ಸಾಲಿಗೇ ಬಂದಳು.

ನೋರಾ ಮೇಳದ ಡೋಲು ಶುರುವಾಯಿತು. ಕೋ ತೆಕ್ ಬೇಟೆಗಾರನ ಕೆಂಪು ಮುಖವಾಡ ಕಟ್ಟಿಕೊಂಡು, ಹೊಟ್ಟೆ ಕುಣಿಸಿಕೊಂಡು ಹೊರಬಂದ. ಆ ಮುಖವಾಡಕ್ಕೆ ದೊಡ್ಡ ಮೂಗುಂಟು, ಬಿಳಿ ಕೂದಲುಂಟು, ಕೆಳದವಡೆ ಇಲ್ಲ. ಹಾಕಿಕೊಂಡವನ ಕಣ್ಣು ಮರೆಯಾಗುತ್ತದೆ, ಬಾಯಿ ಮರೆಯಾಗುವುದಿಲ್ಲ. ಕುಣಿತವನ್ನು ಅವನು ಚೆನ್ನಾಗಿಯೇ ಕುಣಿದ. ನೆಲ ಅದುರಿ ಆಲದಿಂದ ಹಣ್ಣುದುರಿತು. ಆಮೇಲೆ ಡೋಲು ನಿಂತಿತು.

ಮೇಳದ ಗುರು ಕೇಳಿದ: "ಹೇಳಪ್ಪಾ, ಏನು ಬೇಡಿದ್ದೆ?"

ಕೋ ತೆಕ್ ಗೊಣಗಿದ.

"ಗಟ್ಟಿಯಾಗಿ! ಮುತ್ತಜ್ಜನಿಗೆ ವಯಸ್ಸಾಗಿದೆ."

"ನಂಬರ್ ಗಟ್ಟಿಯಾಗಿ ಹೇಳು ಕೋ!" ಎಂದರು ಮುದುಕಿಯರು.

"ನಂಬರೂ ಇಲ್ಲ, ಗಿಂಬರೂ ಇಲ್ಲ!" ಮುಖವಾಡದ ಕೆಳಗಿನ ಬಾಯಿ ಕಿರುಚಿತು. "ಚೆ ಇಮ್ ಸೋಲ್ಲಿ ಅಂತ ಬೇಡಿದ್ದೆ! ಸೋತ್ಲು! ತೀರಿಸ್ದೆ! ಸಾಕಾ ಮುತ್ತಜ್ಜಾ?"

ಕಟ್ಟಕಡೆಯ ಪಟಾಕಿಯೊಂದು ತಡವಾಗಿ ಟಪ್ ಎಂದಿತು. ಲೀ ಅಂಗೈಯಿಂದ ಮುಖ ಮುಚ್ಚಿಕೊಂಡಳು. ಜನ ಚೆ ಇಮ್‌ಳ ಕಡೆ ತಿರುಗಿದರು. ಅವಳು ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು.

"ನನ್ನ ಸೋಲಿಗೆ ಇಷ್ಟು ಪಟಾಕಿನಾ ಕೋ? ನನ್ನ ಮದುವೆಗೂ ಇಷ್ಟು ಹೊಡೆದಿರ್ಲಿಲ್ಲ." ಅವಳಿಗೆ ನಗು ತಡೆಯುತ್ತಿರಲಿಲ್ಲ. "ಆದ್ರೆ ದುಡ್ಡು ದಂಡ ಮಾಡ್ಕೊಂಡ್ರಿ. ಮುತ್ತಜ್ಜ ಏನೂ ಮಾಡ್ಲಿಲ್ಲ. ಅವತ್ತು ನನ್ನ ಕೈಲಿ ಏಳೂ ಬಿಲ್ಲೆ ಸೇರಿ ‘ಸಾಸೇಜ್’ ಆಗಿತ್ತು. ಇಟ್ಟಿದ್ರೆ ಅಲ್ಲೇ ಗೆಲ್ತಿದ್ದೆ."

ಬೆನ್ನ ಹಿಂದೆ ನಿಂತು ಕೋ ತೆಕ್ ಆ ಬಿಲ್ಲೆಗಳನ್ನು ನೋಡಿದ್ದ. ಇಷ್ಟು ದಿನವೂ ಅದೊಂದು ಅವನಿಗೆ ಬಗೆಹರಿಯದ ಒಗಟಾಗಿ ಉಳಿದಿತ್ತು. "ನೋಡ್ದೆ. ಸರಿಯಾದ ಪದ. ಮೇಲೆ ಐವತ್ತು. ಯಾಕೆ ಇಡ್ಲಿಲ್ಲ ಮತ್ತೆ?"

"ಕರುಳಿಗೆ ಹಂದಿಮಾಂಸ ತುಂಬಿ ಮಾಡೋದಕ್ಕೆ ಹಾಗಂತಾರೆ ಕೋ. ಬಿಳಿ ಉಟ್ಟು ವ್ರತ ಹಿಡಿದೋಳು ದೇವರ ಹಬ್ಬದಲ್ಲಿ ಹಂದಿನ ಹಲಗೆ ಮೇಲೆ ಇಡ್ಲಾ? ಅರ್ಥ ಗೊತ್ತಿದ್ಮೇಲೆ ಕೈ ಬರ್ಲಿಲ್ಲ."

ಹುಟ್ಟಿದಾಗಿನಿಂದ ಹಂದಿ ಕಡಿದವನು ಕೆಂಪು ಮುಖವಾಡ ಹೊತ್ತೇ ಆ ಪದದ ಏಳಕ್ಷರವನ್ನೂ ಬೆರಳಲ್ಲಿ ಎಣಿಸಿದ.

"ಇನ್ನೊಂದು ಹೇಳ್ತೀನಿ ಕೇಳಿ," ಚೆ ಇಮ್ ಬಿಡಲಿಲ್ಲ. "ನಮ್ಮ ಮೊದಲನೇ ಆಟದಲ್ಲಿ ಏಳು ಬಿಲ್ಲೆ ಒಟ್ಟಿಗೆ ಇಟ್ರಲ್ಲಾ, ಜೆಲಸ್ ಅಂತ? ನಾನ್ಯಾಕೆ ನಕ್ಕಿದ್ದು ಗೊತ್ತಾ? ಇಂಗ್ಲಿಷ್‌ನಲ್ಲಿ ಹೊಟ್ಟೆಕಿಚ್ಚಿನವನಿಗೆ ಹಾಗಂತಾರೆ."

ಊರು ಬಿದ್ದು ಬಿದ್ದು ನಕ್ಕಿತು. ಗೇಟಿನಲ್ಲಿ ನಿಂತಿದ್ದ ರೈಲೂ ಒಂದು ಸೀಟಿ ಹಾಕಿತು. "ಏನು ಕೋ, ಕಿಚ್ಚು ಇರೋದು ಹಿತ್ತಲ ಗುಂಡೀಲಿ ಅಂತಿದ್ದೆ?" ಎಂದು ನಾನೂ ಒಂದು ಕೈ ನೋಡಿದೆ. "ಇನ್ಮೇಲಾದ್ರೂ ಚೆ ಹತ್ರ ದಿನಕ್ಕೊಂದು ಅರ್ಥ ಕಲಿ" ಎಂದ ಲುಂಗ್ ಚಿತ್. ಚೆ ಇಮ್ ಕೂಡ ಬುಟ್ಟಿಯಿಂದ ಬಿಸಿ ಕೋಲೊಂದನ್ನು ತೆಗೆದು ಅವನತ್ತ ಚಾಚಿ, "ಬನ್ನಿ ಕೋ, ನಾಳೆಯಿಂದಲೇ ಹೇಳಿಕೊಡ್ತೀನಿ. ದುಡ್ಡೇನೂ ಬೇಡ" ಎಂದಳು.

ಕೋ ತೆಕ್ ಮುಖವಾಡ ಬಿಚ್ಚಿದ. ಬೆವರು ಒರೆಸಿಕೊಂಡ. ಕರಿದ ಕೋಲನ್ನು ಇಸಿದುಕೊಂಡು, ಮುರಿದು, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿದ.

"ಬೇಡ ಚೆ," ಎಂದ. "ಒಂದೇ ಒಂದು ಪದದ ಅರ್ಥ ಕಲಿಯೋಕೆ ಊರೆಲ್ಲ ಸೇರಿಸಿ ಪಟಾಕಿ ಹೊಡೆದು ಕುಣಿಯಬೇಕಾಯ್ತು. ಉಳಿದಿದ್ದೆಲ್ಲ ನೀನೇ ಇಟ್ಕೊ."